ತೋಟಾದ ಲೆಕ್ಕ, ಕಪಾಟಿನ ಬೀಗ

ಎಲ್ಲಾದರೂ ಹೆಸರಿದ್ದವರ ಮೇಲೆ ಗುಂಡು ಹಾರಿತೆಂದರೆ ಮಾರನೇ ದಿನವೇ ಕೋವಿ ಇಟ್ಟುಕೊಂಡವರ ನಡುವೆ ಮಾತು ಏರುತ್ತದೆ. ‘ಕೊಂದವನ ಕೈಲಿದ್ದದ್ದು ಕಳ್ಳ ಪಿಸ್ತೂಲು, ಕಾನೂನು ಬಿಗಿಯಾಗೋದು ಮಾತ್ರ ಲೈಸೆನ್ಸ್ ಇರೋ ನಮಗೆ’ ಎಂದು ಒಬ್ಬರು. ‘ಲೈಸೆನ್ಸ್ ಇದ್ದೋರೆಲ್ಲ ನೆಟ್ಟಗಿದ್ದಾರಾ?’ ಎಂದು ಇನ್ನೊಬ್ಬರು. ಗೌರಿ ಲಂಕೇಶ್ ಹತ್ಯೆಯ ನಂತರ ಮಲೆನಾಡು, ಕೊಡಗಿನ ಕಡೆ ಈ ಮಾತು ಇನ್ನೂ ನಿಂತಿಲ್ಲ. ಇಷ್ಟೆಲ್ಲ ಮಾತಾಡಿದರೂ ತೋಟಾ (ಕೋವಿಗೆ ಹಾಕುವ ಕಾಡತೂಸು) ಎಲ್ಲಿಂದ ಬಂತು, ಮನೆಯಲ್ಲಿ ಕೋವಿ ಎಲ್ಲಿದೆ ಎಂಬ ಎರಡು ಪ್ರಶ್ನೆಗೆ ಮಾತ್ರ ಯಾರೂ ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ. ಇಬ್ಬರನ್ನೂ ಕೊಂದದ್ದು ಅವರವರ ಮನೆ ಬಾಗಿಲಲ್ಲಿ. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಅಂದರೆ ಯಾವ ಲೈಸೆನ್ಸ್ ಪುಸ್ತಕದಲ್ಲೂ ಇಲ್ಲದ ಆಯುಧ. ಯಾರ ಅರ್ಜಿಯನ್ನೂ ಎಷ್ಟೇ ತಪಾಸಣೆ ಮಾಡಿದ್ದರೂ ಅದು ಸಿಗುತ್ತಿರಲಿಲ್ಲ.

ಇಲ್ಲಿಗೆ ‘ನಮ್ಮ ತಪ್ಪೇನಿಲ್ಲ’ ಎಂದು ಎದ್ದುಹೋಗುವವರು ಆ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. 7.65 ಮಿ.ಮೀ. ಎನ್ನುವುದೂ .32 ಪಿಸ್ತೂಲಿನ ತೋಟಾ ಎನ್ನುವುದೂ ಒಂದೇ. ಯುರೋಪಿನವರು ಮಿಲಿಮೀಟರಿನಲ್ಲಿ ಕರೆದರು, ಅಮೆರಿಕದವರು ಇಂಚಿನಲ್ಲಿ ಕರೆದರು. ಭಾರತದಲ್ಲಿ ಸಾಮಾನ್ಯ ನಾಗರಿಕನಿಗೆ ಲೈಸೆನ್ಸ್ ಮೇಲೆ ಸಿಗುವ ಪಿಸ್ತೂಲು ಹೆಚ್ಚಿನಂಶ ಇದೇ ಬೋರಿನದು (ಬೋರು ಎಂದರೆ ನಳಿಗೆಯ ಒಳ ಅಳತೆ), 9 ಎಂ.ಎಂ. ನಿಷೇಧಿತ ಬೋರು. (.32 ರಿವಾಲ್ವರಿನ ತೋಟಾ ಬೇರೆ, ಅದು ಉದ್ದ. ಎರಡನ್ನೂ ಒಂದೇ ಎಂದುಕೊಂಡು ಅಂಗಡಿಗೆ ಹೋಗಿ ತಪ್ಪು ತೋಟಾ ಕೇಳುವವರಿದ್ದಾರೆ.) ನಾಡ ಪಿಸ್ತೂಲನ್ನು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಬಿಡುತ್ತಾರೆ, ಒಳ್ಳೆಯ ತೋಟಾಕ್ಕೆ ಕಾರ್ಖಾನೆಯೇ ಬೇಕು. ಹಾಗಾಗಿ ಕಳ್ಳ ಪಿಸ್ತೂಲು ಬದುಕುವುದೇ ಕಾರ್ಖಾನೆಯ ತೋಟಾದ ಮೇಲೆ. ಅದು ಗಡಿ ದಾಟಿ ಬರಬಹುದು, ಸರ್ಕಾರಿ ದಾಸ್ತಾನಿನಿಂದ ಸೋರಬಹುದು, ಅಂಗಡಿಯಿಂದಲೂ ಲೈಸೆನ್ಸ್‌ದಾರನ ಮನೆಯಿಂದಲೂ ಸೋರಬಹುದು. ಈ ಕೊನೆಯ ಎರಡು ದಾರಿ ಮುಚ್ಚುವ ಕೆಲಸ ನಮ್ಮ ಕೈಲಿದೆ.

ಪಂಜಾಬಿನಲ್ಲಿ 2022ರಲ್ಲಿ ನಡೆದದ್ದನ್ನೂ ಜೊತೆಗಿಟ್ಟು ನೋಡಿ. ಮೇ 29ರಂದು ಮಾನ್ಸಾ ಜಿಲ್ಲೆಯಲ್ಲಿ ಗಾಯಕ ಸಿಧು ಮೂಸೆವಾಲಾ ಹತ್ಯೆಯಾಯಿತು. ಗ್ಯಾಂಗಿನವರ ಕೈಲಿ ಇದ್ದದ್ದು ಸಾಮಾನ್ಯ ನಾಗರಿಕನಿಗೆ ಲೈಸೆನ್ಸ್ ಸಿಗದ ಸ್ವಯಂಚಾಲಿತ ಆಯುಧ. ನವೆಂಬರ್ 4ರಂದು ಅಮೃತಸರದಲ್ಲಿ ಹಿಂದೂ ಸಂಘಟನೆಯ ನಾಯಕ ಸುಧೀರ್ ಸೂರಿ ಹತ್ಯೆಯಾಯಿತು, ಅಲ್ಲಿ ಬಳಕೆಯಾದದ್ದು ಲೈಸೆನ್ಸ್ ಇದ್ದ .32 ಪಿಸ್ತೂಲು. ನವೆಂಬರ್ 13ಕ್ಕೆ ಸರ್ಕಾರದ ಆದೇಶ ಬಂತು: ರಾಜ್ಯದ ಎಲ್ಲ ಲೈಸೆನ್ಸ್‌ಗಳನ್ನೂ 3 ತಿಂಗಳಲ್ಲಿ ಮರುಪರಿಶೀಲಿಸಬೇಕು, ಸಾರ್ವಜನಿಕವಾಗಿ ಆಯುಧ ಪ್ರದರ್ಶಿಸುವಂತಿಲ್ಲ. ಎರಡನೇ ಪ್ರಕರಣವನ್ನು ಕಣ್ಣೆದುರು ಇಟ್ಟುಕೊಂಡೂ ‘ಲೈಸೆನ್ಸ್‌ದಾರರನ್ನು ಮುಟ್ಟಬೇಡಿ’ ಎಂದು ವಾದಿಸುವುದು ನನಗೆ ಸರಿಯೆನಿಸುವುದಿಲ್ಲ. ಮುಟ್ಟಲಿ, ಆದರೆ ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಲಿ.

2019ರ ತಿದ್ದುಪಡಿ ಮುಟ್ಟಿದ್ದು ಎಣಿಕೆಯನ್ನು. 1959ರ ಆಯುಧ ಕಾಯ್ದೆಯಂತೆ ಒಬ್ಬರಿಗೆ 3 ಬಂದೂಕು ಇರಬಹುದಿತ್ತು. ಮಸೂದೆ 1ಕ್ಕೆ ಇಳಿಸಲು ಹೊರಟಿತ್ತು, ಕಡೆಗೆ 2ಕ್ಕೆ ನಿಂತಿತು. 2019ರ ಡಿಸೆಂಬರ್ 14ರಿಂದ ಜಾರಿ. ಹೆಚ್ಚಿಗೆ ಇದ್ದದ್ದನ್ನು ಒಂದು ವರ್ಷದೊಳಗೆ ಠಾಣೆಗೋ ಡೀಲರ್‌ಗೋ ಒಪ್ಪಿಸಬೇಕಿತ್ತು. ಮೂರು ಕೋವಿ ಇದ್ದ ರೈತನ ಮನೆಯಲ್ಲಿ ಆ ಮೂರನೆಯದು ಯಾವುದಿರುತ್ತದೆ? ಅಜ್ಜನ ಕಾಲದ ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಅದನ್ನು ಠಾಣೆಗೆ ಕೊಟ್ಟದ್ದರಿಂದ ಯಾವ ಕೊಲೆ ತಪ್ಪಿತು ಎಂದು ಹುಡುಕಿದರೆ ಉತ್ತರ ಸಿಗುವುದಿಲ್ಲ. ಎರಡು ಕೈ ಇರುವ ಮನುಷ್ಯ ಒಮ್ಮೆಗೆ ಒಂದೇ ಕೋವಿ ಹಾರಿಸುತ್ತಾನೆ.

ಅದೇ ತಿದ್ದುಪಡಿಯಲ್ಲಿ ಎಲ್ಲ ಕೋವಿಯವರೂ ಬೆಂಬಲಿಸಬೇಕಾದ ಎರಡು ಸಂಗತಿ ಇವೆ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲಕ್ಕೆ ಹಾರಿಸಿದ ಗುಂಡು ಕೆಳಗೆ ಬೀಳಲೇಬೇಕು, ಎಲ್ಲಿ ಬೀಳುತ್ತದೆ ಎಂಬುದು ಹಾರಿಸಿದವನಿಗೆ ಗೊತ್ತಿರುವುದಿಲ್ಲ. ಇನ್ನೊಂದು, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2, ಗರಿಷ್ಠ 5 ವರ್ಷ. ಇದರ ಬಿಸಿ ಯಾರಿಗೆ ತಟ್ಟುತ್ತದೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ಅದು ರೌಡಿಗಳಿಗೆ ಮಾತ್ರ ತಟ್ಟುವುದಿಲ್ಲ.

ಕೊಡಗಿನ ವಿಚಾರ ಬಂದಾಗಲಂತೂ ಕೋವಿಯವರೇ ಎರಡು ಪಾಲಾಗುತ್ತಾರೆ. 1861ರ ಫೆಬ್ರವರಿ 26ರಂದು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ಆ ಕಾಲದ ನಿಶ್ಶಸ್ತ್ರೀಕರಣ ಕಾಯ್ದೆ ಕೊಡವರಿಗೆ ಅನ್ವಯಿಸದಾಯಿತು. ಈಗ ಆ ಲೈಸೆನ್ಸ್ ವಿನಾಯಿತಿ 1959ರ ಕಾಯ್ದೆಯ 41ನೇ ಸೆಕ್ಷನ್ನಿನ ಕೆಳಗೆ ಅಧಿಸೂಚನೆಯಾಗಿ ಮುಂದುವರಿದಿದೆ. ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರೆಯ ಭೂ ಹಿಡುವಳಿ) ಹಿಡುವಳಿದಾರರಿಗೂ ಅನ್ವಯ. 2019ರ ಅಕ್ಟೋಬರಿನ ಅಧಿಸೂಚನೆ ಇದನ್ನು 2029ರವರೆಗೆ ವಿಸ್ತರಿಸಿತು. ಸಮಾನತೆಗೆ ವಿರುದ್ಧವೆಂದು ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ಶಿವಮೊಗ್ಗ, ಚಿಕ್ಕಮಗಳೂರಿನ ಲೈಸೆನ್ಸ್‌ದಾರ ‘ಅವರಿಗುಂಟು, ನಮಗ್ಯಾಕಿಲ್ಲ’ ಎಂದು ಕೇಳುವುದು ಸಹಜ. ಆದರೆ ವಿನಾಯಿತಿ ಎಂದರೆ ಮಿತಿಯಿಲ್ಲ ಎಂದು ತಿಳಿದಿರುವುದು ತಪ್ಪು. ಒಂದು ರೈಫಲ್, ಅದಕ್ಕೆ 100 ತೋಟಾ. ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ. ಪಿಸ್ತೂಲು, ರಿವಾಲ್ವರಿಗೆ ಎಲ್ಲರಂತೆ ಲೈಸೆನ್ಸ್ ಬೇಕು. ನನ್ನ ಪ್ರಕಾರ ಈ ವಿನಾಯಿತಿ ಉಳಿಯಬೇಕು. ಅದನ್ನು ಉಳಿಸಿಕೊಳ್ಳುವ ಬಗೆಯೆಂದರೆ, ಲೈಸೆನ್ಸ್‌ದಾರರಿಗೆ 2016ರ ನಿಯಮಗಳು ಹೇಳುವ ಸುರಕ್ಷತಾ ತರಬೇತಿ ಮತ್ತು ಭದ್ರವಾಗಿ ಇಡುವ ಮುಚ್ಚಳಿಕೆಯನ್ನು ವಿನಾಯಿತಿ ಪಡೆದ ಮನೆಗಳೂ ತಾವಾಗಿಯೇ ಪಾಲಿಸುವುದು.

ಭದ್ರತೆಯ ಮಾತಿಗೆ ಕೊಡವರು ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್ ದಿನಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಸೆಪ್ಟೆಂಬರ್ ಮೊದಲ ವಾರ. ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆ) ದೀಪದ ಮುಂದೆ ತೋಕ್ (ಕೋವಿ), ಒಡಿಕತ್ತಿ, ಪೀಚೆಕತ್ತಿ. ನಳಿಗೆಗೆ ಗಂಧ, ನಳಿಗೆಯ ಬಾಯಿಗೆ ಕೆಂಪು-ಹಳದಿ ದಳದ ತೋಕ್ ಪೂ (ಕೋವಿ ಹೂವು). ಪೂಜೆಯಾದ ಮೇಲೆ ಮಾಡಬೇಕಾದದ್ದು ಎರಡು. ಹೂವನ್ನು ತೊಟ್ಟು ಸಮೇತ ತೆಗೆದು, ಕೋವಿ ಮಡಚಿ, ತೋಟಾ ಕೂರುವ ಕಡೆಯಿಂದ ನಳಿಗೆಯೊಳಗೆ ಬೆಳಕು ನೋಡಬೇಕು. ಒಳಗೆ ಮುರಿದ ತೊಟ್ಟೋ ಬಟ್ಟೆ ಚೂರೋ ಉಳಿದಿದ್ದರೆ ಮುಂದಿನ ಈಡಿನಲ್ಲಿ (ಗುಂಡು ಹಾರಿಸಿದಾಗ) ಒತ್ತಡ ಅಲ್ಲೇ ತಡೆದು ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಎಡಗೈ ಇರುವುದು ಅಲ್ಲೇ. ಹಾಗೆಯೇ ಗಂಧ, ಕುಂಕುಮದ ನೀರನ್ನು ಒಣಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಎಣ್ಣೆ ಸವರಬೇಕು. ಮಳೆಗಾಲದ ತೇವದಲ್ಲಿ ಒಂದು ವಾರ ಬಿಟ್ಟರೆ ಬೊಟ್ಟಿಟ್ಟ ಜಾಗದಲ್ಲೇ ತುಕ್ಕಿನ ಗುಳಿ ಬೀಳುತ್ತದೆ. ಹಬ್ಬವಿಲ್ಲದ ಮನೆಗೂ ಇದು ಅನ್ವಯ: ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಹಳೆಯ ಜೋಡುನಳಿಗೆ ಇರುವವರು ಇನ್ನೊಂದು ಅಳತೆ ತಿಳಿದಿರಲೇಬೇಕು. ನಳಿಗೆಯನ್ನು ಬಿಚ್ಚಿ ಅಡಿಭಾಗದ ಚಪ್ಪಟೆ ಜಾಗ ನೋಡಿ. 2½ ಅಥವಾ 65 ಎಂದು ಕೆತ್ತಿದ್ದರೆ ಅದು 65 ಮಿ.ಮೀ. ಕೋಣೆಯ ಕೋವಿ (ಕೋಣೆ ಎಂದರೆ ತೋಟಾ ಕೂರುವ ಜಾಗ). ಇಂದು ಅಂಗಡಿಯಲ್ಲಿ ಸಿಗುವ ತೋಟಾ ಸಾಮಾನ್ಯವಾಗಿ 70 ಮಿ.ಮೀ. ಮೋಸ ಇರುವುದು ಇಲ್ಲೇ: 70 ಎನ್ನುವುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಾಯಿ ಮಡಚಿದ ಹೊಸ ತೋಟಾ ಅದಕ್ಕಿಂತ ಗಿಡ್ಡ, ಹಾಗಾಗಿ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒಂದೆರಡು ಸಲ ಏನೂ ಆಗದಿರಬಹುದು. ನಿಧಾನಕ್ಕೆ ನಳಿಗೆಯ ಕೀಲು ಸಡಿಲವಾಗುತ್ತದೆ, ಒಂದು ದಿನ ಕೈಗೇ ಬರುತ್ತದೆ. 12 ಬೋರಿನ ಪೆಟ್ಟಿಗೆಯಲ್ಲಿ 20 ಬೋರಿನ ತೋಟಾ ಬೆರೆಸಿಡುವುದು ಅದಕ್ಕಿಂತಲೂ ಅಪಾಯ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿ ಕಾಣುವುದರಿಂದ ಹಿಂದೆ ಇನ್ನೊಂದು ತೋಟಾ ಹಾಕುತ್ತಾರೆ. ಈ ಕಾರಣಕ್ಕೇ 20ರ ತೋಟಾಕ್ಕೆ ಹಳದಿ ಬಣ್ಣ ಕೊಡುತ್ತಾರೆ.

ಕೇಪಿನ ಕೋವಿಯಲ್ಲಿ ಸಾವು ಬರುವ ದಾರಿ ಬೇರೆ. ಮದ್ದು ತುಂಬಿ, ಚರೆ (ಸೀಸದ ಸಣ್ಣ ಗುಂಡು) ಹಾಕಿ, ಹಂದಿ ಬರಲಿಲ್ಲವೆಂದು ಹಾಗೇ ತಂದು ಗೂಟಕ್ಕೆ ಸಿಕ್ಕಿಸುತ್ತಾರೆ. ಖಾಲಿ ಮಾಡುವುದು ತೋಟಾ ತೆಗೆದಷ್ಟು ಸುಲಭವಲ್ಲ ಎಂಬುದೇ ಕಾರಣ. ತಿಂಗಳ ನಂತರ ಮತ್ಯಾರೋ ಖಾಲಿಯೆಂದು ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಎತ್ತಿ ಆಡುತ್ತಾರೆ, ಇಲ್ಲವೇ ಅದರ ಮೇಲೇ ಇನ್ನೊಂದು ಸಲ ಮದ್ದು ತುಂಬುತ್ತಾರೆ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಕೋವಿ ಖಾಲಿ ಇದ್ದಾಗ ಗಜವನ್ನು (ಮದ್ದು ಒತ್ತುವ ಕೋಲು) ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗೆರೆ ಕೊರೆಯಿರಿ. ಮುಂದೆ ಯಾವಾಗ ಇಳಿಸಿದರೂ ಗೆರೆ ನಳಿಗೆಯಿಂದ ಮೇಲೆ ನಿಂತರೆ ಒಳಗೆ ಏನೋ ಇದೆ. ನೋಡುವ ಮೊದಲು ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಟೋಪಿ) ತೆಗೆದಿರಬೇಕು, ಗಜ ಇಳಿಸುವಾಗ ಮುಖ, ಎದೆ ನಳಿಗೆಯ ನೇರಕ್ಕೆ ಇರಬಾರದು. ಕುದುರೆ ಬಿದ್ದೂ ಈಡು ಹಾರದಿದ್ದರೆ ನಳಿಗೆಯನ್ನು ಬಯಲಿನತ್ತ ಹಿಡಿದು ಕನಿಷ್ಠ ಒಂದು ನಿಮಿಷ ಕದಲದೆ ನಿಲ್ಲಿ, ತೇವ ಹಿಡಿದ ಮದ್ದು ತಡವಾಗಿ ಹೊತ್ತಬಹುದು. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸುವ ಹಲ್ಲು ಹಳೆಯ ಕೋವಿಗಳಲ್ಲಿ ಸವೆದಿರುತ್ತದೆ. ಅದನ್ನು ನಂಬಿ ಬೇಲಿ ಹತ್ತಬಾರದು, ಮರ ಹತ್ತಬಾರದು.

ಹಂದಿ ಎಂದುಕೊಂಡು ಜೊತೆಯವನಿಗೇ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಕೋವಿಯ ತಪ್ಪಲ್ಲ, ಸದ್ದಿಗೆ ಹೊಡೆಯುವ ಚಾಳಿಯ ತಪ್ಪು. ಪೊದೆ ಅಲುಗಿದ ಕಡೆಗೆ ಹೊಡೆಯುವವನು ಗುರಿಯನ್ನೂ ಕಂಡಿರುವುದಿಲ್ಲ, ಗುರಿಯ ಹಿಂದೆ ಏನಿದೆ ಎಂದೂ ಕಂಡಿರುವುದಿಲ್ಲ. 4 ನಂಬರ್ ಚರೆ 200 ಮೀಟರ್ ದಾಟಬಲ್ಲದು, ದಪ್ಪನೆಯ ಎಸ್‌ಜಿ ಚರೆ 600 ಮೀಟರಿಗೂ ಆಚೆ ಹೋಗಿ ಬೀಳಬಲ್ಲದು, .315 ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ. ತಂತಿ ಕಟ್ಟಿ, ತುಂಬಿದ ಕೋವಿಯನ್ನು ದಾರಿಗೆ ಗುರಿಯಿಟ್ಟು ಬರುವವರ ಬಗ್ಗೆ ಮಾತಾಡುವುದೇನೂ ಉಳಿದಿಲ್ಲ. ಅಂಥವರನ್ನು ಊರವರು ಮುಚ್ಚಿಡಬಾರದು. ಇನ್ನೊಂದು ತಪ್ಪು ತಿಳಿವಳಿಕೆ, ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು ಎಂಬುದು. ಅದು ಕೋವಿ ಇಟ್ಟುಕೊಳ್ಳಲು ಮಾತ್ರ. ಪ್ರಾಣಿ ಕೊಲ್ಲಲು ವನ್ಯಜೀವಿ ಕಾಯ್ದೆಯ ಕೆಳಗೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.

ಮನೆಯಲ್ಲಿ ಇಡುವ ಬಗೆ ಹೇಳುತ್ತೇನೆ. ಮಡಚುವ ಕೋವಿ ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ನಳಿಗೆಯ ಕೆಳಗಿನ ಹಿಡಿ, ಕುದುರೆ-ಬಡ್ಡಿ (ಕುದುರೆ ಮತ್ತು ಭುಜಕ್ಕೆ ಕೊಡುವ ಮರ ಇರುವ ಹಿಂಭಾಗ). ನಳಿಗೆ ಒಂದು ಬೀಗದಲ್ಲಿ, ಬಡ್ಡಿ ಇನ್ನೊಂದರಲ್ಲಿ, ತೋಟಾ ಮೂರನೆಯ ಕಡೆ ಉಕ್ಕಿನ ಪೆಟ್ಟಿಗೆಯಲ್ಲಿ. ಬೀಗದ ಕೈ ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಮೈಮೇಲೆ. ಬೀರುವಿನ ಕೈಯನ್ನು ಬೀರುವಿನ ತಲೆಯ ಮೇಲಿಟ್ಟರೆ ಮನೆಯ ಮಕ್ಕಳಿಗೂ ಕೆಲಸದವರಿಗೂ ಅದು ಗೊತ್ತಿರುತ್ತದೆ. ‘ಹಂದಿ ಬಂದಾಗ ಜೋಡಿಸುತ್ತ ಕೂರೋಕಾಗುತ್ತಾ?’ ಎನ್ನುತ್ತಾರೆ. ಅಭ್ಯಾಸವಿದ್ದವರಿಗೆ ಜೋಡಿಸಲು ಅರ್ಧ ನಿಮಿಷವೂ ಬೇಡ. ಮನೆಯಲ್ಲಿ ಯಾರಾದರೂ ಕುಡಿತಕ್ಕೆ ಬಿದ್ದಿದ್ದರೆ, ಜೀವ ಬೇಡವೆಂಬ ಮಾತಾಡುತ್ತಿದ್ದರೆ, ದಾಯಾದಿ ಜಗಳ ಕೈಮೀರಿದ್ದರೆ, ಕೋವಿಯನ್ನು ಕೆಲ ಕಾಲ ಡೀಲರ್ ಬಳಿ ಇಟ್ಟು ರಸೀದಿ ತರುವುದು ಉತ್ತಮ. ಕೇಳಿದವರಿಗೆ ರಿಪೇರಿಗೆ ಕೊಟ್ಟಿದ್ದೇನೆ ಎಂದರೆ ಮುಗಿಯಿತು.

ತೋಟಾದ ಲೆಕ್ಕಕ್ಕೆ 100 ಪುಟದ ನೋಟ್‌ಬುಕ್ ಸಾಕು. ದಿನಾಂಕ, ಅಂಗಡಿ, ಬೋರು, ಚರೆಯ ನಂಬರ್, ತಂದದ್ದು, ಹಾರಿಸಿದ್ದು, ಉಳಿದದ್ದು. ಲೈಸೆನ್ಸ್‌ನಲ್ಲಿ ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ಎರಡು ಸಂಖ್ಯೆ ಇರುತ್ತವೆ. ಎರಡೂ ಬೇರೆ ಬೇರೆ, ಬಹಳ ಜನ ಒಂದೇ ಎಂದುಕೊಂಡಿದ್ದಾರೆ. ಪಕ್ಕದ ತೋಟದವನಿಗೆ ‘ನಾಲ್ಕು ಕೊಡು, ಆಮೇಲೆ ಕೊಡ್ತೀನಿ’ ಎಂದು ಕೊಡುವುದು ಅಪರಾಧ, ಅವನಿಗೆ ಲೈಸೆನ್ಸ್ ಇಲ್ಲದಿದ್ದರೆ ಗಂಭೀರ ಅಪರಾಧ. ಮುಂದಿನ ಖರೀದಿಗೆ ಹಳೆಯದರ ಲೆಕ್ಕ ತೋರಿಸಬೇಕೆಂದು ನಾಳೆ ಸರ್ಕಾರ ಹೇಳಿದರೆ ನಾನು ಒಪ್ಪುತ್ತೇನೆ. ಖಾಲಿ ತೋಟಾ ಅಷ್ಟೂ ವಾಪಸ್ ತರಬೇಕೆಂದರೆ ಗದ್ದೆ ಕೆಸರಲ್ಲಿ ಹುಡುಕುವುದು ಕಷ್ಟ, ಅಲ್ಲಿ ಸ್ವಲ್ಪ ಸಡಿಲ ಬೇಕು. ಆದರೆ ತತ್ತ್ವ ಸರಿ. ಪಿಸ್ತೂಲು, ರಿವಾಲ್ವರಿನ ತೋಟಾಕ್ಕಂತೂ ಸಡಿಲವೇ ಬೇಡ, ಅದನ್ನು ಯಾರೂ ಗದ್ದೆಯಲ್ಲಿ ಹಾರಿಸುವುದಿಲ್ಲ.

ಚುನಾವಣೆ ಬಂತೆಂದರೆ ಎಲ್ಲರ ಕೋವಿಯೂ ಠಾಣೆಗೆ. ಇಲ್ಲಿ ಮಾತ್ರ ರೈತರ ದೂರು ಪೂರ್ತಿ ನ್ಯಾಯವಾದದ್ದು. ಚುನಾವಣಾ ಆಯೋಗದ ಸೂಚನೆ ಎಲ್ಲರಿಂದಲೂ ಕಿತ್ತುಕೊಳ್ಳಿ ಎಂದು ಹೇಳುವುದಿಲ್ಲ. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿ ಒಂದೊಂದೇ ಲೈಸೆನ್ಸ್ ನೋಡಬೇಕು: ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದೆ ಚುನಾವಣೆ ಗಲಭೆಯಲ್ಲಿ ಇದ್ದವರು. ಪರಂಪರೆಯಿಂದ ಆಯುಧ ಧರಿಸುವ ಹಕ್ಕಿರುವ ಸಮುದಾಯಗಳಿಗೆ ಸೂಚನೆಯಲ್ಲೇ ವಿನಾಯಿತಿ ಇದೆ. ಊರಲ್ಲಿ ನಡೆಯುವುದು ಬೇರೆ, ಠಾಣೆಯಿಂದ ಫೋನ್ ಬರುತ್ತದೆ, ನಾಳೆಯೊಳಗೆ ತಂದಿಡಿ ಎನ್ನುತ್ತಾರೆ. ಬೆಳೆ ರಕ್ಷಣೆಗೆ ಕೋವಿ ಬೇಕಿದ್ದವರು ಚುನಾವಣೆ ಘೋಷಣೆಯಾದ ವಾರದಲ್ಲೇ ಪಹಣಿ, ಹಿಂದಿನ ಬೆಳೆ ಪರಿಹಾರದ ಕಾಗದ, ಲೈಸೆನ್ಸ್ ಪ್ರತಿ ಸೇರಿಸಿ ಸಮಿತಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಪ್ಪಿಸಲೇಬೇಕಾದರೆ ನಳಿಗೆಯ ಒಳಗೂ ಹೊರಗೂ ಎಣ್ಣೆ ಹಚ್ಚಿ, ರಸೀದಿಯಲ್ಲಿ ತಯಾರಕ, ಬೋರು, ಸೀರಿಯಲ್ ನಂಬರ್, ಈಗಿರುವ ಗೀರು-ಬಿರುಕು ಬರೆಸಿ, ಫೋಟೋ ತೆಗೆದಿಡಿ. ಠಾಣೆ ಬೇಡವೆಂದರೆ ಲೈಸೆನ್ಸ್ ಇರುವ ಡೀಲರ್ ಬಳಿಯೂ ಇಡಬಹುದು, ಬಾಡಿಗೆ ಹೋದರೂ ತುಕ್ಕು ಕಡಿಮೆ. ಫಲಿತಾಂಶ ಬಂದು ವಾರವಾದ ಮೇಲೆ ವಾಪಸ್ ಕೇಳಿ.

ಈಗ ಆ 2ರಿಂದ 5 ವರ್ಷದ ಶಿಕ್ಷೆಯ ಮಾತು. ತಂದೆ ತೀರಿಹೋದರು, ಕೋವಿ ಅಟ್ಟದಲ್ಲೇ ಉಳಿಯಿತು, ಮಕ್ಕಳು ಬೆಂಗಳೂರಲ್ಲಿ. ಲೈಸೆನ್ಸ್ ತಂದೆಯ ಹೆಸರಿನದು, ಅವರಿಲ್ಲದ ಮೇಲೆ ಆ ಕೋವಿ ಯಾರ ಕೈಲಿದ್ದರೂ ಲೈಸೆನ್ಸ್ ಇಲ್ಲದ ಕೋವಿಯೇ. ಮನೆಯಲ್ಲಿ ಕಳ್ಳತನವಾಗಿ ಅದು ಹೋದರೆ ದೂರು ಕೊಡಲೂ ಹೆದರಿಕೆ. ಹೀಗೆ ಕಾಣೆಯಾದ ಕೋವಿಗಳು ಕಳ್ಳಬೇಟೆಯವರ ಕೈಸೇರುತ್ತವೆ. ತಿಥಿ ಕಳೆದ ಕೂಡಲೇ ಠಾಣೆಗೋ ಡೀಲರ್‌ಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ಮರಣ ಪ್ರಮಾಣಪತ್ರ, ಮೂಲ ಲೈಸೆನ್ಸ್, ಉಳಿದ ವಾರಸುದಾರರ ಒಪ್ಪಿಗೆ ಪತ್ರದೊಂದಿಗೆ ಒಬ್ಬರು ಅರ್ಜಿ ಹಾಕಬೇಕು. ಅವರಿಗೂ ತರಬೇತಿ ಮತ್ತು ವೈದ್ಯಕೀಯ ಪ್ರಮಾಣಪತ್ರ ಬೇಕು, 2ರ ಮಿತಿ ಅನ್ವಯಿಸುತ್ತದೆ. ನಿಯಮದಂತೆ ಪೊಲೀಸ್ ವರದಿಗೆ 30 ದಿನ, ಆಮೇಲೆ ತೀರ್ಮಾನಕ್ಕೆ 60 ದಿನ. ಅದು ಮೀರಿದರೆ ಲಿಖಿತವಾಗಿ ಕೇಳಿ, ತಿರಸ್ಕರಿಸಿದರೆ ಕಾಯ್ದೆಯ 18ನೇ ಸೆಕ್ಷನ್ನಿನ ಕೆಳಗೆ ಮೇಲ್ಮನವಿ ಇದೆ.

ಸಾಯುವವರೆಗೆ ಕಾಯಬೇಕಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿದೇ ಇಲ್ಲ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅವಕಾಶವಿದೆ. ಯಾರಿಗೂ ಬೇಡವೆಂದಾದರೆ ಡೀಲರ್‌ಗೆ ಮಾರಿ, ಲೈಸೆನ್ಸ್‌ನಿಂದ ಆ ಕೋವಿಯನ್ನು ತೆಗೆಸಿ, ಮಾರಾಟದ ಕಾಗದವನ್ನು ಮನೆಯ ಕ್ರಯಪತ್ರದ ಜೊತೆಗೇ ಇಡಿ.